ಬೋಗುಣಿಯ ಹಳದಿ, ಕಣ್ಣಿನ ಹಳದಿ

ಮರಿತಾಯಮ್ಮನಿಗೆ ತನ್ನ ಹೆಸರು ಬರೆಯಲು ಬರುತ್ತಿತ್ತು. ಅದಕ್ಕಿಂತ ಹೆಚ್ಚು ಬರೆಯುವ ಪ್ರಸಂಗ ಅರವತ್ತೆಂಟು ವರ್ಷದಲ್ಲಿ ಒಮ್ಮೆಯೂ ಬಾರದ ಕಾರಣ ಆಕೆ ಅದನ್ನೊಂದು ಕೊರತೆಯೆಂದು ಎಣಿಸಿರಲಿಲ್ಲ. ಬೋರ್ಡುಗಳನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದಳು. ಅಷ್ಟರಲ್ಲಿ ಬಸ್ಸು ಮುಂದಕ್ಕೆ ಹೋಗಿಬಿಟ್ಟರೆ ಉಳಿದದ್ದನ್ನು ವಾಪಸು ಬರುವಾಗ ಓದಿಕೊಳ್ಳುತ್ತಿದ್ದಳು. ಆದರೆ ಹಳದಿಯ ವಿಷಯದಲ್ಲಿ ಮಾತ್ರ ಆಕೆಯಷ್ಟು ಓದಿದವರು ತಿ. ನರಸೀಪುರ ತಾಲ್ಲೂಕಿನಲ್ಲೇ ಇನ್ನೊಬ್ಬರಿರಲಿಲ್ಲ.

ನರಸೀಪುರದಿಂದ ಮುಡುಕುತೊರೆಗೆ ಹೋಗುವ ದಾರಿಯಲ್ಲಿ ನಂಜುಂಡಸ್ವಾಮಿ ಎಂಬವರು ರೇಷ್ಮೆ ನೂಲು ತೆಗೆಯುವ ಶೆಡ್ಡು ಇಟ್ಟಿದ್ದರು. ಗಂಡ ಮಾರಯ್ಯ ತೀರಿಕೊಂಡ ಮೂರನೆಯ ತಿಂಗಳಿಗೆ ಅಲ್ಲಿ ಗೂಡು ಆರಿಸಲು ಸೇರಿದ ಮರಿತಾಯಮ್ಮ ಮೂವತ್ತೊಂದು ವರ್ಷ ಒಂದೇ ಕಿಟಕಿಯ ಕೆಳಗೆ ಕೂತಳು. ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು ಒಂದು ಕಡೆ, ಕಲೆಯಾದದ್ದು ಒಂದು ಕಡೆ, ಒತ್ತಿದರೆ ಕುಗ್ಗುವ ಜೊಳ್ಳು ಒಂದು ಕಡೆ. ಉಳಿದ ಒಳ್ಳೆಯ ಗೂಡನ್ನು ಬಣ್ಣ ನೋಡಿ ಬೇರೆ ಮಾಡಬೇಕು. ನಮ್ಮ ಮೈಸೂರು ತಳಿಯ ಗೂಡು ಬಿಳಿಯಲ್ಲ, ಪೂರ್ತಿ ಹಳದಿಯೂ ಅಲ್ಲ. ಹಳದಿಯೊಳಗೆ ಹಸಿರು ಕದ್ದು ಕೂತಂಥ ಬಣ್ಣ. ಅದರಲ್ಲಿ ಬೇರೆಯವರಿಗೆ ಎರಡು ಬಗೆ ಕಂಡರೆ ಮರಿತಾಯಮ್ಮನಿಗೆ ಏಳು ಕಾಣುತ್ತಿದ್ದವು. ಏಳಕ್ಕೂ ಆಕೆಯೇ ಹೆಸರಿಟ್ಟುಕೊಂಡಿದ್ದಳು. ಹುಚ್ಚೆಳ್ಳು ಹೂವಿನಿಂದ ಶುರುವಾಗಿ, ನಡುವೆ ನಿಂಬೆ ಬಂದು, ಕೊನೆಯದು ಬೇವಿನಹಣ್ಣು. ಅದರಲ್ಲಿ ಹಸಿರು ಗೆದ್ದಿರುತ್ತದೆ.

ಕೆಲಸಕ್ಕೆ ಸೇರಿದ ಇಪ್ಪತ್ತನೆಯ ವರ್ಷ ಆಕೆಗೆ ಒಂದು ಸಂಗತಿ ತಿಳಿಯಿತು. ಇಲ್ಲಿಂದ ಹೋದ ನೂಲನ್ನು ಸೋಪಿನ ನೀರಿನಲ್ಲಿ ಬೇಯಿಸಿದರೆ ಅಂಟಿನ ಜೊತೆಗೆ ಬಣ್ಣವೂ ಬಿಟ್ಟು ಹೋಗಿ ಏಳು ಬಗೆಯೂ ಒಂದೇ ಬಿಳಿಯಾಗುತ್ತದಂತೆ. ಆಕೆ ಹೋಗಿ ಸಾವುಕಾರರನ್ನು ಕೇಳಿದಳು.

“ಹೌದು ಕಣಮ್ಮ” ಎಂದರು ನಂಜುಂಡಸ್ವಾಮಿ. “ಅದೆಲ್ಲ ನಿಂಗ್ಯಾಕೆ? ನೀನು ಆರ್ಸು.”

ಆಕೆ ಇನ್ನೂ ಹನ್ನೊಂದು ವರ್ಷ ಆರಿಸಿದಳು.

ಪಕ್ಕದಲ್ಲಿ ಕೂರುತ್ತಿದ್ದವಳು ಚಿಕ್ಕಬಸಮ್ಮ. ಒಂದು ಬೆಳಗ್ಗೆ ಮರಿತಾಯಮ್ಮ ಅವಳ ಮುಖ ನೋಡಿ, “ಚಿಕ್ಕಬಸಿ, ನಿನ್ ಕಣ್ಣು ನಿಂಬೆ ಆಗೈತಲ್ಲೇ” ಎಂದಿದ್ದಳು. ಜಾಂಡೀಸ್ ಎಂದು ಗೊತ್ತಾಯಿತು. ಆಗ ಈ ಕಡೆಯವರೆಲ್ಲ ಜಾಂಡೀಸಿಗೆ ಹೋಗುತ್ತಿದ್ದದ್ದು ನಂಜನಗೂಡಿನಾಚೆ, ದೇವನೂರಿನ ದಾರಿಯಲ್ಲಿದ್ದ ಒಂದು ಮನೆಗೆ. ಬರಿಹೊಟ್ಟೆಯಲ್ಲಿ ನೆಲನೆಲ್ಲಿ ರಸ ಕುಡಿಸಿ, ಅಂಗೈಗೆ ಏನೋ ಸವರಿ, ಬೋಗುಣಿಯ ಮೇಲೆ ಸುಣ್ಣದ ತಿಳಿನೀರಿನಲ್ಲಿ ಕೈ ತೊಳೆಸುತ್ತಿದ್ದರು. ನೀರು ಹಳದಿಯಾಗುತ್ತಿತ್ತು. ಕಾಯಿಲೆ ಇಳಿಯುತ್ತಿದೆ ಎಂದು ಅದರ ಅರ್ಥ. ಮೂರು ಸಲ ತೊಳೆಯಬೇಕು. ಚಿಕ್ಕಬಸಮ್ಮನೂ ತೊಳೆಸಿಕೊಂಡಳು. ಎರಡನೆಯ ತೊಳೆತದ ಹೊತ್ತಿಗೆ ಅವಳ ಕಣ್ಣು ಬೇವಿನಹಣ್ಣಾಗಿತ್ತು. ಗೂಡಿನ ಬುಟ್ಟಿಯ ಮೇಲೆ ತೂಕಡಿಸುತ್ತಿದ್ದಳು; ಮಾತಾಡಿಸಿದರೆ ತುಂಬಾ ಹೊತ್ತಾದ ಮೇಲೆ ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಳು. ಮೂರನೆಯ ಸಲ ನೀರು ಬಹಳ ತಿಳಿಯಾಗಿ ಬಂತು, ಕಾಯಿಲೆ ಪೂರ್ತಿ ಹೋಯಿತು ಎಂದರು. ಹೋದದ್ದು ನಿಜವೇ. ಮಾರನೆಯ ದಿನ ಚಿಕ್ಕಬಸಮ್ಮನೂ ಅದರ ಜೊತೆಗೆ ಹೋದಳು.

ಆಮೇಲೆ ಊರಿನವರು ಮಕ್ಕಳು ಮರಿಯನ್ನು ಮರಿತಾಯಮ್ಮನ ಮುಂದೆ ತಂದು ನಿಲ್ಲಿಸಿ, ಐತಾ ಇಲ್ವಾ ನೋಡು ಎಂದು ಕೇಳತೊಡಗಿದರು. ಆಕೆ ಬಿಸಿಲಿಗೆ ಕರೆದು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ಹೇಳುತ್ತಿದ್ದಳು. ಔಷಧಿ ಏನು ಎಂದರೆ ನನ್ನ ಹತ್ರ ಇಲ್ಲ, ಆಸ್ಪತ್ರೆಗೆ ಓಗಿ ಎನ್ನುತ್ತಿದ್ದಳು. ಬೇರು ಕೊಡದೆ, ಮಂತ್ರ ಹಾಕದೆ, ಬರೀ ಕಾಯಿಲೆಯ ಹೆಸರು ಹೇಳಿ ಕಳಿಸುವವಳ ಮೇಲೆ ಯಾರಿಗೆ ತಾನೇ ಭಕ್ತಿ ಹುಟ್ಟುತ್ತದೆ? ಅವರು ತಲೆಯಾಡಿಸಿ ನೆಟ್ಟಗೆ ದೇವನೂರಿನ ದಾರಿ ಹಿಡಿಯುತ್ತಿದ್ದರು.

ಶೆಡ್ಡು ಮುಚ್ಚಿ ಏಳು ವರ್ಷವಾಗಿತ್ತು. ಮಗ ರಾಜೇಂದ್ರ ನರಸೀಪುರದ ಒಂದು ಕಚೇರಿಯಲ್ಲಿ ಅಟೆಂಡರ್. ಮದುವೆಯಾಗಿ ಆರು ವರ್ಷದ ಮೇಲೆ ಸೊಸೆ ರೋಜಾ ಬಸುರಿಯಾಗಿದ್ದಳು. ಏಳನೆಯ ತಿಂಗಳಿನಲ್ಲಿ ಒಂದು ಮಂಗಳವಾರ ಅವಳು ಟೀ ತಂದುಕೊಟ್ಟಾಗ ಮರಿತಾಯಮ್ಮ ಲೋಟ ತೆಗೆದುಕೊಳ್ಳದೆ ಮುಖವನ್ನೇ ನೋಡಿದಳು.

“ಯಾಕತ್ತೆ, ಸಕ್ಕರೆ ಆಕಿದೀನಿ.”

“ಅದಲ್ಲ ಕಣವ್ವ. ಬಾಗಿಲ ತಾವು ಬಾ.”

ನಿಂಬೆ. ಅದೇ ದಿನ ನರಸೀಪುರದ ಡಾಕ್ಟರಿಗೆ ತೋರಿಸಿದರು. ಅವರು ರಕ್ತ ನೋಡಿ, ಬಸುರಿಯಾದ್ದರಿಂದ ತಡ ಮಾಡದೆ ಮೈಸೂರಿಗೆ ಕರೆದುಕೊಂಡು ಹೋಗಿ ಎಂದು ಚೀಟಿ ಬರೆದುಕೊಟ್ಟರು. ರಾಜೇಂದ್ರ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಅವನಿಗೆ ಹನ್ನೆರಡು ವರ್ಷವಿದ್ದಾಗ ಜಾಂಡೀಸ್ ಬಂದು, ದೇವನೂರಿನ ದಾರಿಯ ಆ ಮನೆಯಲ್ಲೇ ವಾಸಿಯಾಗಿತ್ತು. ಅವನ ಜೊತೆಗೆ ಅದೇ ತಿಂಗಳು ಅದೇ ಕಾಯಿಲೆ ಬಂದ ಪಕ್ಕದ ಮನೆಯವರ ಮಗಳು ಯಾವ ಔಷಧಿಯೂ ಇಲ್ಲದೆ ಅವನಿಗಿಂತ ನಾಲ್ಕು ದಿನ ಮೊದಲೇ ಎದ್ದು ಓಡಾಡಿದ್ದಳು. ಅದು ಅವನ ಲೆಕ್ಕಕ್ಕೆ ಬಂದಿರಲಿಲ್ಲ.

“ಇಂಗ್ಲಿಷ್ನೋರತ್ರ ಇದ್ಕೆ ಔಸ್ದಿ ಇಲ್ಲ ಕಣವ್ವ. ಅವ್ರೇ ಏಳ್ತಾರೆ, ರೆಸ್ಟ್ ತಕೊಳ್ಳಿ ಅಂತ. ರೆಸ್ಟ್ ತಕಳಕೆ ಮೈಸೂರ್ಗೇ ಓಗ್ಬೇಕಾ? ಮೂರು ತೊಳೆ ತೊಳುಸ್ಬುಡಾಣ, ಆಮೇಲೆ ಓಗಾಣ.”

ಗುರುವಾರ ಮೊದಲನೆಯ ತೊಳೆತವಾಯಿತು. ಹಳೆಯವರು ತೀರಿಕೊಂಡು ಈಗ ಅವರ ಮಗ ಚಲುವಯ್ಯ ತೊಳೆಯುತ್ತಿದ್ದ. ಅವನು ಮೋಸಗಾರನಲ್ಲ. ಮೋಸಗಾರನಾಗಿದ್ದರೆ ಅವನ ಜೊತೆ ವ್ಯವಹಾರ ಸುಲಭವಿತ್ತು. ಒಂದು ತೆಂಗಿನಕಾಯಿ, ಎಲೆ ಅಡಿಕೆ ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ. ತಂದೆ ಹೇಳಿಕೊಟ್ಟದ್ದನ್ನು ತಂದೆ ಹೇಳಿಕೊಟ್ಟ ಹಾಗೆಯೇ ಮಾಡುತ್ತಿದ್ದ. ಬೋಗುಣಿಯನ್ನು ಎಲ್ಲರಿಗಿಂತ ಹೆಚ್ಚಾಗಿ ಅವನೇ ನಂಬಿದ್ದ. ರೋಜಾಳ ಅಂಗೈಯಿಂದ ಹಳದಿ ನೀರು ಇಳಿಯಿತು. ರಾಜೇಂದ್ರ ಸಂತೋಷದಿಂದ ಅವ್ವನ ಕಡೆ ತಿರುಗಿದ.

ಅವ್ವ ನೀರನ್ನು ನೋಡುತ್ತಿದ್ದಳು. ಅದು ಹುಚ್ಚೆಳ್ಳು ಹೂವಿಗಿಂತಲೂ ಆಚೆಯ, ಕೆಂಪಿನ ಕಡೆಗೆ ವಾಲಿದ ಹಳದಿ. ರೋಜಾಳ ಕಣ್ಣು ಹಸಿರಿನ ಕಡೆಗೆ ವಾಲಿತ್ತು. ಮೈಯಿಂದ ಇಳಿದ ಬಣ್ಣ ಮೈಯಲ್ಲಿರುವ ಬಣ್ಣವೇ ಆಗಿರಬೇಕಲ್ಲ? ಒಂದು ಬುಟ್ಟಿಯ ಗೂಡಿನಿಂದ ಇನ್ನೊಂದು ಬುಟ್ಟಿಯ ನೂಲು ಬರುವುದಿಲ್ಲ. ಅಲ್ಲದೆ ಚಲುವಯ್ಯ ತೆಂಗಿನ ಚಿಪ್ಪಿನಿಂದ ತೆಗೆದು ಸವರಿದ ಲೇಪಕ್ಕೆ ಮಾವಿನ ತೊಗಟೆಯ ವಾಸನೆ ಇತ್ತು.

ಶನಿವಾರ ಬೆಳಗ್ಗೆ ಆಕೆ ಹಿತ್ತಲಿನ ಮಾವಿನ ಮರದ ತೊಗಟೆ ಕೆತ್ತಿ, ಕಲ್ಲಿನ ಮೇಲೆ ಅರೆದು, ತನ್ನ ಎರಡು ಅಂಗೈಗೂ ಸವರಿಕೊಂಡಳು. ಎಲೆ ಅಡಿಕೆಯ ಸುಣ್ಣವನ್ನು ಚೊಂಬಿನ ನೀರಿನಲ್ಲಿ ಕದಡಿ ತಿಳಿ ಮಾಡಿ ಇಟ್ಟಿದ್ದಳು. ರಾಜೇಂದ್ರನನ್ನು ಕರೆದು ಹುಯ್ಯಲು ಹೇಳಿದಳು. ಅವನು ಹುಯ್ದ. ಬಚ್ಚಲ ಕಲ್ಲಿನ ಮೇಲೆ ಹಳದಿ ನೀರು ಹರಿಯಿತು.

ಈಗ ಮಗನಿಗೆ ಅರ್ಥವಾಗುತ್ತದೆ ಎಂದುಕೊಂಡಳು ಮರಿತಾಯಮ್ಮ. ರಾಜೇಂದ್ರ ಚೊಂಬು ಕೆಳಗಿಟ್ಟ.

“ಅವ್ವಾ! ನಿಂಗೂ ಐತೆ!”

“ನಂಗೆಂಥದೂ ಇಲ್ಲ ಕಣ್ಲಾ. ತೊಗಟೆ ಬುಡ್ತಿರಾ ಬಣ್ಣ ಇದು. ಯಾರಿಗ್ ತೊಳುದ್ರೂ ಬತ್ತದೆ. ನಿನ್ ಕೈ ತತ್ತಾ ಇಲ್ಲಿ.”

ಅವನ ಅಂಗೈಗೂ ಸವರಿ ಹುಯ್ದಳು. ಅದೇ ಹಳದಿ, ಒಂದು ಎಳೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ರಾಜೇಂದ್ರ ಬಚ್ಚಲ ಕಲ್ಲಿನ ಮೇಲೇ ಕುಕ್ಕರಿಸಿ ಕೂತುಬಿಟ್ಟ.

“ಮನೇವ್ರಿಗೆಲ್ಲಾ ಅಂಟ್ಕಂಡೈತಲ್ಲವ್ವಾ. ಅದ್ಕೇ ಎಲ್ಡು ದಿನದಿಂದ ನಂಗೆ ಸುಸ್ತು. ನಾಳೆ ಮೂರು ಜನವೂ ಓಗಾಣ. ಮಾದು ಆಟೋಗೆ ಏಳ್ಬತ್ತೀನಿ.”

ಒಬ್ಬಳು ರೋಗಿಯನ್ನು ಬಿಡಿಸಿಕೊಳ್ಳಲು ಹೋಗಿ ಆಕೆ ಚಲುವಯ್ಯನಿಗೆ ಇನ್ನಿಬ್ಬರನ್ನು ಕೂಡಿಸಿಕೊಟ್ಟಂತಾಯಿತು.

ಆ ಮಧ್ಯಾಹ್ನ ಕವನ ಬಂದಳು. ಮರಿತಾಯಮ್ಮನ ಮಗಳ ಮಗಳು. ನಂಜನಗೂಡಿನ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ. ಅತ್ತೆಯನ್ನು ನೋಡಿ ಹೋಗಲು ಬಂದವಳು ಮೊದಲು ಮಾವನ ಜೊತೆ ಜಗಳವಾಡಿದಳು. ರಾಜೇಂದ್ರ ಜೇಬಿನ ಚೀಟಿಯನ್ನು ಮುಟ್ಟಿ ನೋಡಿಕೊಂಡು, ನಾಳೆ ಒಂದು ತೊಳೆ ಆಗ್ಲಿ, ಗುರುವಾರ ಒಂದು ತೊಳೆ ಆಗ್ಲಿ ಎಂದ. ರೋಜಾ ಒಳಗೆ ಮಲಗಿದ್ದಳು. ಕವನ ಸಿಟ್ಟಿನಿಂದ ಬಂದು ಜಗಲಿಯಲ್ಲಿ ಅಜ್ಜಿಯ ಪಕ್ಕ ಕೂತಳು. ಅವಳ ಚೀಲದಲ್ಲಿ ಕಾಲೇಜಿನ ಬರಹವೊಂದಿತ್ತು. ಇಂಗ್ಲಿಷಿನ ಯಾವುದಾದರೂ ಒಂದು ಮಾತು ತೆಗೆದುಕೊಂಡು ಅದರ ಹುಟ್ಟು, ವಂಶ ಬರೆಯಿರಿ ಎಂದು ಮೇಷ್ಟರು ಹೇಳಿದ್ದರಂತೆ. ಅತ್ತೆಯ ಕಾಯಿಲೆಯ ಫೋನು ಬಂದ ದಿನವಾದ್ದರಿಂದ ಇವಳು ಜಾಂಡೀಸ್ ಅನ್ನೇ ಆರಿಸಿದ್ದಳು.

“ಅಜ್ಜಿ, ಜಾಂಡೀಸು ಅನ್ನೋದು ಮೊದಲು ಕಾಯಿಲೆ ಹೆಸರಲ್ಲ, ಬಣ್ಣದ ಹೆಸರು. ಎರಡು ಸಾವಿರ ವರ್ಷದ ಹಿಂದೆ ರೋಮ್ ಅನ್ನೋ ಊರಲ್ಲಿ ಲ್ಯಾಟಿನ್ ಮಾತಾಡೋರು. ಅದರಲ್ಲಿ ಗಾಲ್ಬಿನುಸ್ ಅಂತ ಒಂದು ಮಾತಿತ್ತು. ಹೆಚ್ಚು ಬಳಕೇಲಿ ಇರ್ಲಿಲ್ಲ, ಯಾವುದೋ ನಾಕು ಪುಸ್ತಕದಲ್ಲಿ ಸಿಗತ್ತೆ ಅಷ್ಟೆ.”

“ಅದ್ರ ತವರ್ಮನೆ ಎಲ್ಲಿ?”

“ಗಾಲ್ಬುಸ್ ಅನ್ನೋ ಇನ್ನೊಂದು ಮಾತಿನ ಮಗಳು ಅಂತಾರೆ. ಅದಕ್ಕೂ ಹಿಂದಿಂದು ಸರಿಯಾಗಿ ಗೊತ್ತಿಲ್ಲ.”

“ಗೊತ್ತಿಲ್ಲ ಅಂತ್ಲೇ ಬರ್ದಿದೀಯಾ?”

“ಹೂಂ.”

“ಸರಿ, ಮುಂದಕ್ಕೋಗು.”

“ಹಳದೀನೂ ಅಲ್ಲ, ಹಸಿರೂ ಅಲ್ಲ, ಎರಡರ ನಡುವಿನ ಬಣ್ಣ ಅಂತ ಅದರ ಅರ್ಥ. ಗಂಡಸರು ಆ ಬಣ್ಣದ ಬಟ್ಟೆ ಉಟ್ರೆ ಹೆಣ್ಣಿಗರು ಅಂತ ಆಡ್ಕೋತಿದ್ರಂತೆ.”

ಮರಿತಾಯಮ್ಮ ಅಗಿಯುತ್ತಿದ್ದ ಎಲೆ ಅಡಿಕೆಯನ್ನು ದವಡೆಗೆ ಒತ್ತಿಕೊಂಡಳು. “ಇನ್ನೊಂದು ಸಲ ಏಳು, ಏನಂದೆ ಆ ಮಾತು?”

“ಗಾಲ್ಬಿನುಸ್.”

“ಅಂದ್ರೆ ನಮ್ಮ ಬೇವಿನಣ್ಣು.” ಆ ಬಣ್ಣಕ್ಕೆ ತನಗಿಂತ ಮುಂಚೆ ಇನ್ನೊಬ್ಬರು ಕೂತು ಹೆಸರಿಟ್ಟಿದ್ದಾರೆ ಎಂದು ಆಕೆಗೆ ಬೆರಗಾಯಿತು. ಅವರೂ ಗೂಡು ಆರಿಸುವವರೇ ಇರಬೇಕು. “ಆಮೇಲೆ ಅದ್ಕೆ ಮಕ್ಳಾದ್ವಾ?”

“ಆದ್ವು. ಫ್ರಾನ್ಸಿಗೆ ಹೋಗಿ ಜೋನ್ ಆಯ್ತು. ಅಲ್ಲಿ ಬರೀ ಹಳದಿ ಅಂತ ಅರ್ಥ.”

“ಅಸ್ರು?”

“ದಾರೀಲಿ ಬಿಟ್ಟೋಯ್ತು.”

“ಸೋಪ್ ನೀರಲ್ಲಿ ಬೇಯ್ಸಿರ್ತಾರೆ” ಎಂದಳು ಮರಿತಾಯಮ್ಮ.

“ಆ ಜೋನ್‌ಗೆ ಹುಟ್ಟಿದ್ದು ಜೋನಿಸ್, ಅಂದ್ರೆ ಹಳದಿ ಕಾಯಿಲೆ. ಇಂಗ್ಲೆಂಡಿಗೆ ಬಂದ ಮೇಲೆ ನಡುವೆ ಒಂದು ಡಕಾರ ಸೇರ್ಕೊಳ್ತು. ಯಾಕೆ ಅಂತ ಕೇಳಬೇಡ, ಸುಮ್ನೆ ಸೇರ್ಕೊಳ್ತು. ಜಾಂಡೀಸ್ ಆಯ್ತು. ಇಂಗ್ಲಿಷ್ನೋರ ಜೊತೆ ಇಲ್ಲಿಗೂ ಬಂತು. ಇನ್ನೊಂದು ತಮಾಷೆ ಕೇಳು. ಆ ರೋಮ್ನೋರು ಈ ಕಾಯಿಲೆ ಬಂದೋರಿಗೆ ಒಂದು ಹಳದಿ ಹಕ್ಕಿ ತೋರಿಸ್ತಿದ್ರಂತೆ. ನೋಡಿದೋರಿಗೆ ವಾಸಿ ಆಗತ್ತೆ, ಹಕ್ಕಿ ಸಾಯತ್ತೆ ಅಂತ.”

“ಅಕ್ಕಿ ಸಾಯೋದು ನೋಡಿ ವಾಸಿ ಆಯ್ತು ಅಂದ್ಕಳೋರು. ಇವ್ರು ಬೋಗುಣಿ ನೋಡಿ ಅಂದ್ಕತಾರೆ” ಎಂದು ಆಕೆ ಉಗಿದು ಬಂದಳು. “ತಾಯಿ ಬದ್ಕವ್ಳಾ?”

“ಯಾರು?”

“ಗಾಲ್ಬಿನುಸ್ಸು.”

“ಇಲ್ಲಜ್ಜಿ, ಅದು ಸತ್ತು ಹೋಗಿರೋ ಮಾತು. ಮಕ್ಕಳು ಮೊಮ್ಮಕ್ಕಳು ಮಾತ್ರ ಇರೋದು.”

ಸಂಜೆ ದೀಪ ಹಾಕುವ ಮುಂಚೆ ಮರಿತಾಯಮ್ಮ ರೋಜಾಳನ್ನು ಬಾಗಿಲ ಬೆಳಕಿಗೆ ಎಬ್ಬಿಸಿ ಕೂರಿಸಿ ಕಣ್ಣು ನೋಡಿದಳು. ನಿಂಬೆ ದಾಟಿತ್ತು. ಆಕೆ ಮಗನ ಹತ್ತಿರ ಹೋಗಿ ಬೇವಿನಣ್ಣು ಆಗೈತೆ ಕಣ್ಲಾ, ಚಿಕ್ಕಬಸಿಗೂ ಇಂಗೇ ಆಗಿತ್ತು ಎಂದಳು. “ನಿನ್ ಬೇವಿನಣ್ಣು ಯಾವ ಡಾಕ್ಟ್ರು ಕೇಳ್ತಾನವ್ವ? ನಾಳೆ ಬೆಳಿಗ್ಗೇನೇ ಓಯ್ತಾ ಇದೀವಲ್ಲ” ಎಂದ ರಾಜೇಂದ್ರ. ಅವನಿಗೂ ಭಯವಿತ್ತು. ಭಯ ಹೆಚ್ಚಾದಷ್ಟೂ ಗೊತ್ತಿರುವ ದಾರಿಯನ್ನೇ ಗಟ್ಟಿಯಾಗಿ ಹಿಡಿಯುತ್ತಿದ್ದ.

ಭಾನುವಾರ ಎಂಟು ಗಂಟೆಗೆ ಮಾದು ಅವರನ್ನು ಚಲುವಯ್ಯನ ಮನೆಯ ಮುಂದೆ ಇಳಿಸಿದ. ಚಪ್ಪರದಡಿ ಆಗಲೇ ಮೂವತ್ತು ಜನ. ರೋಜಾ ಅತ್ತೆಯ ಭುಜದ ಮೇಲೆ ತಲೆಯಿಟ್ಟಿದ್ದಳು.

“ರೋಜಾ, ನೀರು ಕುಡಿತೀಯವ್ವಾ?”

ಮರಿತಾಯಮ್ಮ ಮನಸ್ಸಿನಲ್ಲೇ ಎಣಿಸಿದಳು. ಹನ್ನೊಂದು ಎಣಿಸಿದ ಮೇಲೆ ರೋಜಾ, “ಗೂಡು ಬಿಡುಸ್ಬೇಕಲ್ವಾ ಅತ್ತೆ” ಎಂದಳು. ಅವಳು ಹುಟ್ಟಿದ ಮನೆಯಲ್ಲೂ ಗಂಡನ ಮನೆಯಲ್ಲೂ ಯಾರೂ ಹುಳ ಸಾಕಿರಲಿಲ್ಲ.

ಮರಿತಾಯಮ್ಮ ಸರದಿ ಬಿಟ್ಟು ಎದ್ದು ನೇರ ಬೋಗುಣಿಯ ಹತ್ತಿರ ಹೋದಳು.

“ಚಲುವಯ್ಯನೋರೇ, ನನ್ ಸೊಸೇನ ಈಗ್ಲೇ ಮೈಸೂರ್ಗೆ ಕಳಿಸ್ಬೇಕು. ನೀವೊಂದ್ ಮಾತು ಏಳಿ. ನನ್ ಮಗ ನಿಮ್ ಮಾತು ಕೇಳ್ತಾನೆ.”

“ಕೂತ್ಕಳಿ ತಾಯಿ, ಸರದಿ ಬರ್ಲಿ. ಮೊನ್ನೆ ನೀರು ಚೆನ್ನಾಗೇ ಬಂತಲ್ಲ?”

“ನೀರಿನ ಬಣ್ಣ ಬ್ಯಾರೆ, ಅವ್ಳ ಕಣ್ಣಿನ ಬಣ್ಣ ಬ್ಯಾರೆ.”

ಚಪ್ಪರದಲ್ಲಿ ಯಾರೋ ನಕ್ಕರು. ಚಲುವಯ್ಯನೂ ಮುಗುಳ್ನಕ್ಕ. “ನೀವೇನು ಡಾಕ್ಟ್ರಾ ತಾಯಿ?”

“ಅಲ್ಲ. ಗೂಡು ಆರಿಸ್ತಿದ್ದೆ.”

ಈಗ ಎಲ್ಲರೂ ನಕ್ಕರು. “ಬುಡಿ ಅಜ್ಜಿ, ಇಲ್ಲಿ ಯಾವ ಗೂಡೂ ಇಲ್ಲ” ಎಂದ ಒಬ್ಬ. ರಾಜೇಂದ್ರ ಬಂದು, “ಬಾರವ್ವಾ, ಮಾನ ಕಳೀಬ್ಯಾಡ” ಎಂದು ರಟ್ಟೆ ಹಿಡಿದ.

ಮರಿತಾಯಮ್ಮ ಹುಟ್ಟಿದ ಮೇಲೆ ಲೆಕ್ಕಕ್ಕಾದರೂ ಒಂದು ಸುಳ್ಳು ಹೇಳಿದವಳಲ್ಲ. ಆಗಲೂ ಹೇಳಲಿಲ್ಲ. ಕಂಡದ್ದನ್ನು ಕಂಡ ಹಾಗೆ, ಆ ಬಣ್ಣಕ್ಕೆ ಇರುವ ಹಳೆಯ ಹೆಸರಿನಲ್ಲಿ ಹೇಳಿದಳು, ಅಷ್ಟೆ.

“ಅದು ಗಾಲ್ಬಿನುಸ್ಸು.”

ಚಲುವಯ್ಯನ ಕೈಯಲ್ಲಿದ್ದ ಚೊಂಬು ನಿಂತಿತು. “ಏನಂದ್ರಿ?”

“ಗಾಲ್ಬಿನುಸ್. ಲ್ಯಾಟಿನ್ನು. ನನ್ ಮೊಮ್ಮಗಳು ಕಾಲೇಜಲ್ಲಿ ಬರ್ದವ್ಳೆ. ಎಲ್ಡು ಸಾವ್ರ ವರ್ಸದಿಂದ ಐತೆ.”

ಚಪ್ಪರದಲ್ಲಿ ನಗು ಅಡಗಿತು. ಇಬ್ಬರು ತಾವು ಕೂತಲ್ಲಿಂದ ಸ್ವಲ್ಪ ಸರಿದು ಕೂತರು. ಚಲುವಯ್ಯ ಎದ್ದು ಬಂದು ರೋಜಾಳ ಮುಂದೆ ಬಗ್ಗಿ, ಅಂಗೈಯನ್ನಲ್ಲ, ಮೊದಲ ಸಲ ಅವಳ ಕಣ್ಣನ್ನು ನೋಡಿದ. ಏನು ಕಂಡನೋ. ಮೂವತ್ತು ಜನ ಅವನ ಬಾಯನ್ನೇ ನೋಡುತ್ತಿದ್ದರು. ಆ ಮಾತು ತನಗೆ ಗೊತ್ತಿಲ್ಲ ಎನ್ನುವ ಹಾಗಿರಲಿಲ್ಲ.

“ಊಂ” ಎಂದ. “ಗಾಲ್ಬಿನುಸ್ಸೇ. ಮೊನ್ನೇನೇ ನಂಗೆ ಅನ್ಮಾನ ಇತ್ತು. ಬರೀ ಜಾಂಡೀಸ್ ಆಗಿದ್ರೆ ನಾನ್ ಇಳಿಸ್ತಿದ್ದೆ. ಇದು ನಮ್ಮಪ್ಪನ ಕೈಲೂ ಇಳೀತಿರ್ಲಿಲ್ಲ. ಲೇ ರಾಜೇಂದ್ರ, ಏನ್ ನಿಂತ್ಕಂಡ್ ನೋಡ್ತಿದ್ದೀಯ? ಮೈಸೂರ್ಗೆ ಎತ್ತಾಕಂಡ್ ಓಗ್ಲಾ! ಈಗ್ಲೇ!”

ಐದು ದಿನದಿಂದ ಜೇಬಿನಲ್ಲಿದ್ದ ಚೀಟಿ ಐದು ನಿಮಿಷದಲ್ಲಿ ಹೊರಗೆ ಬಂತು. ಮಾದು ದಾರಿಯಲ್ಲಿ ಎಲ್ಲೂ ನಿಲ್ಲಿಸಲಿಲ್ಲ.

ಮೈಸೂರಿನ ಆಸ್ಪತ್ರೆಯವರು, ಬರುವುದು ಇನ್ನೊಂದು ದಿನ ತಡವಾಗಿದ್ದರೆ ಏನೂ ಹೇಳಲಾಗುತ್ತಿರಲಿಲ್ಲ ಎಂದರು. ಬಂದ ಮೇಲೂ ಮೊದಲ ಮೂರು ದಿನ ಏನೂ ಹೇಳಲಿಲ್ಲ. ಮರಿತಾಯಮ್ಮ ದಿನಕ್ಕೊಮ್ಮೆ ಒಳಗೆ ಬಿಟ್ಟಾಗ ಸೊಸೆಯ ಕಣ್ಣು ನೋಡಿಕೊಂಡು ಬಂದು ಕಾರಿಡಾರಿನಲ್ಲಿ ಕೂರುತ್ತಿದ್ದಳು. ನಾಲ್ಕನೆಯ ದಿನ ಬೇವಿನಹಣ್ಣು ಮತ್ತೆ ನಿಂಬೆಯ ಕಡೆಗೆ ತಿರುಗಿತು. ಮಗನಿಗೆ ಹೇಳಿದಳು. ಲ್ಯಾಬಿನವರು ಅದನ್ನೇ ಸಂಜೆ ಹೇಳಿದರು. ಒಂಬತ್ತನೆಯ ದಿನ ಹೆಣ್ಣು ಮಗು ಅವಸರಪಟ್ಟು ಹುಟ್ಟಿತು. ತೂಕ ಒಂದೂ ಮುಕ್ಕಾಲು ಕಿಲೋ. ಗಾಜಿನ ಪೆಟ್ಟಿಗೆಯಲ್ಲಿ ನೀಲಿ ದೀಪದಡಿ ಮಲಗಿಸಿ, ಹುಟ್ಟಿದ ಕೂಸುಗಳಿಗೆ ಬರುವ ಜಾಂಡೀಸ್ ಇದು, ಇಳಿಯುತ್ತದೆ ಎಂದರು. ದೀಪ ಆರಿಸಿದ ಹೊತ್ತು ನೋಡಿ ಅಜ್ಜಿ ಗಾಜಿಗೆ ಮೂಗು ತಾಗಿಸಿ ನೋಡಿದಳು. ಹುಚ್ಚೆಳ್ಳು ಹೂವು. ಹೆದರುವಂಥದ್ದಲ್ಲ.

ತಾಯಿ ಮಗು ಇಬ್ಬರನ್ನೂ ಮನೆಗೆ ಕಳಿಸುವ ದಿನ ಡಾಕ್ಟರಮ್ಮ ರಾಜೇಂದ್ರನನ್ನು ಕೇಳಿದರು, “ಸರಿಯಾದ ಹೊತ್ತಿಗೆ ಕರ್ಕೊಂಡು ಬಂದ್ರಿ. ಯಾರು ಹೇಳಿದ್ದು?”

“ಚಲುವಯ್ಯ ಅಂತ, ದೇವನೂರ್ ಕಡೆ. ಅವ್ರೇ ಕಂಡಿಡ್ದಿದ್ದು ಮೇಡಂ.”

ಮರಿತಾಯಮ್ಮ ಬಟ್ಟೆ ಗಂಟು ಕಟ್ಟುತ್ತ ಅಲ್ಲೇ ನಿಂತಿದ್ದಳು. ಮೈಸೂರಿಗೆ ಹೋಗು ಎಂದು ಬಾಯಿಬಿಟ್ಟು ಹೇಳಿದ್ದು ಚಲುವಯ್ಯನೇ ಹೌದಾದ್ದರಿಂದ ಆಕೆಗೆ ತಿದ್ದಲು ಏನೂ ಸಿಗಲಿಲ್ಲ.

ಕವನಳ ಬರಹ ಹತ್ತಕ್ಕೆ ಎಂಟು ಅಂಕದೊಂದಿಗೆ ವಾಪಸು ಬಂತು. ‘ವಂಶಾವಳಿ ಚೆನ್ನಾಗಿದೆ. ಮೂಲಪದ ಈಗ ಎಲ್ಲಿಯೂ ಬಳಕೆಯಲ್ಲಿಲ್ಲ ಎಂಬುದನ್ನು ಕೊನೆಯಲ್ಲಿ ಸ್ಪಷ್ಟವಾಗಿ ಹೇಳಬೇಕಿತ್ತು’ ಎಂದು ಮೇಷ್ಟರು ಕೆಂಪು ಶಾಯಿಯಲ್ಲಿ ಬರೆದಿದ್ದರು.

ಮಗುವಿಗೆ ಮೂರು ತಿಂಗಳಾದಾಗ ಚಲುವಯ್ಯ ಹೇಳಿಕಳಿಸಿದ. ಮರಿತಾಯಮ್ಮ ಬಸ್ಸಿಳಿದು ಹೋದಳು. ಚಪ್ಪರದ ಕಂಬಕ್ಕೆ ಹೊಸ ಬೋರ್ಡು. ಬಸ್ಸಿನ ಹಾಗೆ ಚಪ್ಪರ ಮುಂದಕ್ಕೆ ಹೋಗುವುದಿಲ್ಲವಾದ್ದರಿಂದ ಆಕೆ ನಿಂತು ನಿಧಾನವಾಗಿ ಪೂರ್ತಿ ಓದಿದಳು. ‘ಇಲ್ಲಿ ಜಾಂಡೀಸಿಗೆ ಮಾತ್ರ ಔಷಧಿ ಕೊಡಲಾಗುವುದು. ಗಾಲ್ಬಿನುಸ್ ಇರುವವರು ಮೈಸೂರಿಗೆ ಹೋಗತಕ್ಕದ್ದು.’

ಚಲುವಯ್ಯ ಸ್ಟೂಲು ಹಾಕಿಸಿ ಕೂರಿಸಿ, ದನಿ ತಗ್ಗಿಸಿದ. “ಆವತ್ತಿಂದ ಬಂದೋರೆಲ್ಲ ಮೊದ್ಲು ಅದೈತಾ ನೋಡಿ ಅಂತಾರೆ ತಾಯಿ. ನಂಗೆ ಬೋಗುಣಿ ಗೊತ್ತು, ಕಣ್ಣು ಗೊತ್ತಿಲ್ಲ. ಭಾನುವಾರ, ಗುರುವಾರ ನೀವೊಂದೆಲ್ಡು ಗಂಟೆ ಬಂದು ಕೂತ್ಕಂಡ್ರೆ…”

“ಬತ್ತೀನಿ. ಆದ್ರೆ ಬಸುರೀರು, ಕೂಸ್ಗಳು ಯಾರೇ ಬಂದ್ರೂ ಕಣ್ಣು ಯಾವ್ ಬಣ್ಣ ಇದ್ರೂ ಮೈಸೂರ್ಗೇ. ಮಿಕ್ಕೋರೂ ಮೊದ್ಲು ರಕ್ತ ತೋರಿಸ್ಕಂಡು ಚೀಟಿ ತರ್ಬೇಕು. ಆಮೇಲೆ ಬೇಕಾದ್ರೆ ನೀವು ತೊಳೀರಿ.”

“ಆಗ್ಲಿ ತಾಯಿ.”

ಹೀಗೆ ಮರಿತಾಯಮ್ಮ ಮತ್ತೆ ಒಂದು ಬೆಳಕಿನ ಕೆಳಗೆ ಆರಿಸಲು ಕೂತಳು. ಆಕೆ ಆರಿಸಿದ್ದರಲ್ಲಿ ಸೋಪಿನ ನೀರಿಗೆ ಹೋಗದ ಲಾಟು ಇದೊಂದೇ.

ಮೊದಲ ಭಾನುವಾರ ಒಬ್ಬ ಹೆಂಗಸು ಹತ್ತು ಜನರನ್ನು ದಾಟಿಕೊಂಡು ಬಂದಳು.

“ಅಜ್ಜಿ, ನಂಗೇನಾರ ಗಾಲ್ಬಿನುಸ್ ಐತಾ ನೋಡಿ.”

ಮರಿತಾಯಮ್ಮ ಅವಳನ್ನು ಬಿಸಿಲಿಗೆ ತಿರುಗಿಸಿ, ರೆಪ್ಪೆ ಎಳೆದು, ಎಡಗಣ್ಣು ನೋಡಿ, ಬಲಗಣ್ಣು ನೋಡಿ, ಮತ್ತೆ ಎಡಗಣ್ಣು ನೋಡಿದಳು.

“ಇಲ್ಲ ಕಣವ್ವ. ನಿಂದು ಬರೀ ಜಾಂಡೀಸು. ರಕ್ತ ತೋರಿಸ್ಕಂಡು ಬಾ.”

“ಸದ್ಯ, ನಂಜುಂಡಪ್ಪ ಕಾಪಾಡ್ದ” ಎಂದು ಹೆಂಗಸು ಎರಡೂ ಕೈ ಮುಗಿದಳು.